‘ಏನೂ ಆಗಿಲ್ಲ’ ಅನ್ನೋನನ್ನ ನಂಬಬೇಡಿ

2020ರ ಡಿಸೆಂಬರ್‌ನಲ್ಲಿ ಕ್ಯಾನ್‌ಬೆರಾದಲ್ಲಿ ನಡೆದ ಟಿ20 ಪಂದ್ಯ ನೆನಪಿದೆಯಾ? ಕೊನೇ ಓವರ್‌ನಲ್ಲಿ ಮಿಚೆಲ್ ಸ್ಟಾರ್ಕ್ ಹಾಕಿದ ಬಾಲು ಜಡೇಜ ಹೆಲ್ಮೆಟ್ಟಿಗೆ ಬಡಿಯಿತು. ಜಡೇಜ ಆಮೇಲೂ ಆಡಿದ, 44 ರನ್ ಹೊಡೆದು ನಾಟೌಟ್ ಆಗಿ ವಾಪಸ್ ಬಂದ. ಬ್ರೇಕ್ ಮುಗಿಯೋ ಹೊತ್ತಿಗೆ ಅವನ ಬದಲಿಗೆ ‘ಕನ್ಕಷನ್ ಸಬ್ಸ್ಟಿಟ್ಯೂಟ್’ ಅಂತ ಚಹಲ್ ಮೈದಾನಕ್ಕಿಳಿದ. ಮೂರು ವಿಕೆಟ್ ತೆಗೆದ, ಪಂದ್ಯಶ್ರೇಷ್ಠನೂ ಆದ. ಆಸ್ಟ್ರೇಲಿಯಾ ಕೋಚ್ ಜಸ್ಟಿನ್ ಲ್ಯಾಂಗರ್ ಮ್ಯಾಚ್ ರೆಫರಿ ಜೊತೆ ವಾದಕ್ಕೆ ನಿಂತಿದ್ದನ್ನ ಟೀವಿಯಲ್ಲಿ ಎಲ್ಲರೂ ನೋಡಿದ್ವಿ.

ನಮ್ಮ ಟೀಮಿನ ವಾಟ್ಸಾಪ್ ಗ್ರೂಪಲ್ಲಿ ಅವತ್ತು ಹಬ್ಬ. ‘ಸಖತ್ ಬಕ್ರಾ ಮಾಡಿದ್ರು ಗುರು.’ ‘ತಲೆಗೆ ಏನೂ ಆಗಿರ್ಲಿಲ್ಲ, ಆಮೇಲೂ ಆಡಿದ್ನಲ್ಲ?’ ಆಸ್ಟ್ರೇಲಿಯಾದವರು ಸಿಟ್ಟಲ್ಲಿ ಹೇಳಿದ್ದೂ ಅದೇ, ನಮ್ಮವರು ಖುಷಿಯಲ್ಲಿ ಹೇಳಿದ್ದೂ ಅದೇ. ಜಡೇಜ ತಲೆಗೆ ಎಷ್ಟು ಪೆಟ್ಟಾಗಿತ್ತು ಅನ್ನೋದು ಅವನನ್ನ ಪರೀಕ್ಷೆ ಮಾಡಿದ ಡಾಕ್ಟರಿಗೆ ಗೊತ್ತು. ನನ್ನ ತಕರಾರು ಆ ವಾದದ ಮೇಲೆ. ‘ಆಮೇಲೂ ಆಡಿದ, ಅಂದ್ಮೇಲೆ ಏನೂ ಆಗಿಲ್ಲ.’ ಹಿಂದಿನ ವರ್ಷವೇ ಲಾರ್ಡ್ಸ್‌ನಲ್ಲಿ ಜೋಫ್ರಾ ಆರ್ಚರ್ ಬೌನ್ಸರ್ ಸ್ಟೀವ್ ಸ್ಮಿತ್ ಕುತ್ತಿಗೆಗೆ ಬಡಿದು ಅವನು ಪಿಚ್ ಮೇಲೆ ಅಂಗಾತ ಮಲಗಿದ್ದ. ಹೊರಗೆ ಹೋದ, ಪರೀಕ್ಷೆ ಮಾಡಿಸಿಕೊಂಡ, ವಾಪಸ್ ಬಂದು ಬ್ಯಾಟ್ ಮಾಡಿ 92ಕ್ಕೆ ಔಟಾದ. ಮಾರನೇ ದಿನ ಬೆಳಗ್ಗೆ ಎದ್ದಾಗ ತಲೆನೋವು, ಮಂಕು. ಟೆಸ್ಟ್ ಇತಿಹಾಸದ ಮೊದಲ ಕನ್ಕಷನ್ ಬದಲಿ ಆಟಗಾರನಾಗಿ ಲಾಬುಶೇನ್ ಇಳಿದಿದ್ದು ಹಾಗೆ. ಸ್ಮಿತ್ ಮುಂದಿನ ಟೆಸ್ಟೂ ಆಡಲಿಲ್ಲ. ಅಂದರೆ ತಲೆಯ ಪೆಟ್ಟು ಬಿಲ್ಲನ್ನ ಮಾರನೇ ದಿನ ಕಳಿಸಬಹುದು. ಈ ಒಂದು ವಿಷಯ ನಮ್ಮ ದೇಶದ ಕ್ರಿಕೆಟ್ ಹುಚ್ಚರಿಗಾದರೂ ಗೊತ್ತಿರಬೇಕಿತ್ತು.

ಗ್ರೂಪಲ್ಲಿ ನಾನು ನಗಲಿಲ್ಲ. ಯಾಕಂದ್ರೆ ಆ ವಾದವನ್ನ ನಾನೇ ಒಂದು ರಾತ್ರಿ ಮಾಡಿದ್ದೆ.

ಕೆಲಸಕ್ಕೆ ಸೇರಿದ ಹೊಸದು. ಮಡಿವಾಳದಲ್ಲಿ ನಾಲ್ಕು ಜನ ಒಂದು ಮನೆ ಮಾಡ್ಕೊಂಡಿದ್ವಿ. ಒಬ್ಬ ರೂಮ್‌ಮೇಟ್ ಸೆಕೆಂಡ್ ಶಿಫ್ಟ್ ಮುಗಿಸಿಕೊಂಡು ಬರ್ತಾ, ಹಂಪ್ ಮೇಲೆ ಹರಡಿದ್ದ ಮರಳಿಗೆ ಸ್ಕೂಟರ್ ಜಾರಿಸಿಕೊಂಡು ಬಿದ್ದ. ತಲೆ ಮೇಲೆ ಇದ್ದದ್ದು ಟೋಪಿ ಥರದ ಅರ್ಧ ಹೆಲ್ಮೆಟ್ಟು, ಬಕಲ್ ಹಾಕಿರಲಿಲ್ಲ, ಅವನಿಗಿಂತ ಮೊದಲು ಅದೇ ಹಾರಿ ಹೋಗಿತ್ತು. ಅಂಗೈ ತರಚಿತ್ತು, ಪ್ಯಾಂಟು ಮಂಡಿಯ ಹತ್ತಿರ ಹರಿದಿತ್ತು. ‘ಒಂದು ನಿಮಿಷ ಏನಾಯ್ತು ಅಂತಾನೇ ಗೊತ್ತಾಗ್ಲಿಲ್ಲ ಮಗಾ, ಆಮೇಲೆ ಎದ್ದೆ, ಗಾಡಿ ಓಡಿಸ್ಕೊಂಡು ಬಂದೆ’ ಅಂದ. ‘ಏನೂ ಆಗಿಲ್ಲ’ ಅಂತ ಅವನೂ ಹೇಳಿದ, ನಾವೂ ಹೇಳಿದ್ವಿ. ಕೈಗೆ ಡೆಟಾಲ್ ಹಚ್ಚಿದ್ವಿ. ಮೊಸರನ್ನ ತಿಂದ, ಮ್ಯಾನೇಜರ್‌ನ ಬೈದ, ನಗಿಸಿದ. ಸ್ವಲ್ಪ ಹೊತ್ತಾದ ಮೇಲೆ ತಲೆನೋವು ಅಂದ, ಒಂದು ಮಾತ್ರೆ ಕೊಟ್ವಿ. ವಾಂತಿ ಮಾಡ್ದ. ಸಂಜೆ ತಿಂದಿದ್ದ ಗೋಬಿ ಮಂಚೂರಿ ಮೇಲೆ ಹಾಕಿದ್ವಿ. ಇನ್ನೊಂದು ಸಲ ವಾಂತಿ ಮಾಡ್ದ. ‘ಮಲ್ಕೋ, ಬೆಳಗ್ಗೆ ಸರಿ ಹೋಗತ್ತೆ’ ಅಂತ ಲೈಟ್ ಆರಿಸಿದವನು ನಾನು.

ರಾತ್ರಿ ಜೋರಾಗಿ ಗೊರಕೆ ಹೊಡೆಯೋಕೆ ಶುರು ಮಾಡಿದ. ಯಾವತ್ತೂ ಗೊರಕೆ ಹೊಡೀದೇ ಇದ್ದೋನು. ನಾವು ಎದ್ದು, ನಕ್ಕು, ಫೋನಲ್ಲಿ ವಿಡಿಯೋ ಮಾಡಿದ್ವಿ, ನಾಳೆ ತೋರಿಸಿ ಗೋಳು ಹೊಯ್ಕೊಳ್ಳೋಣ ಅಂತ. ನಾಲ್ಕನೆಯವನು ನೈಟ್ ಶಿಫ್ಟ್ ಮುಗಿಸಿ ಬೆಳಗಿನ ಜಾವ ಬಂದು, ಜಾಗ ಬಿಡು ಅಂತ ಅಲ್ಲಾಡಿಸಿದ. ಅವನು ಏಳಲಿಲ್ಲ. ಎಷ್ಟು ಅಲ್ಲಾಡಿಸಿದರೂ ಏಳಲಿಲ್ಲ. ಕಣ್ಣು ಬಿಡಿಸಿ ನೋಡಿದರೆ ಒಂದು ಕಣ್ಣಿನ ಪಾಪೆ ಇನ್ನೊಂದಕ್ಕಿಂತ ದೊಡ್ಡದಾಗಿತ್ತು.

ಆಪರೇಷನ್ ಆಯ್ತು, ಬದುಕಿದ. ಈಗ ತನ್ನೂರಲ್ಲಿ ಅಪ್ಪನ ಜೆರಾಕ್ಸ್ ಅಂಗಡೀಲಿ ಕೂರ್ತಾನೆ. ನಮ್ಮ ನಾಲ್ಕು ಜನರಲ್ಲಿ ಕೋಡಿಂಗ್‌ನಲ್ಲಿ ಚುರುಕಾಗಿದ್ದವನು ಅವನೇ. ಈಗ ಹತ್ತು ಕಾಪಿಗೆ ಎಷ್ಟಾಯ್ತು ಅಂತ ಕ್ಯಾಲ್ಕುಲೇಟರ್ ಒತ್ತಿ ನೋಡ್ತಾನೆ. ಇದ್ದಕ್ಕಿದ್ದಂತೆ ಸಿಟ್ಟು ಬರುತ್ತೆ, ಆಮೇಲೆ ಅಳ್ತಾನೆ. ಅವತ್ತು ಆಸ್ಪತ್ರೆಯಲ್ಲಿ ಡಾಕ್ಟರು ಬೈಯಲಿಲ್ಲ. ‘ಮೊದಲನೇ ವಾಂತಿ ಎಷ್ಟು ಗಂಟೆಗೆ?’ ಅಂತ ಕೇಳಿ ಬರ್ಕೊಂಡ್ರು, ‘ಎರಡನೇದು?’ ಅಂತ ಕೇಳಿ ಬರ್ಕೊಂಡ್ರು. ಬೈದಿದ್ದರೆ ಎಷ್ಟೋ ವಾಸಿ ಇತ್ತು.

ಆ ರಾತ್ರಿ ನಮ್ಮ ಮನೆಯಲ್ಲಿ ಇಬ್ಬರು ಬಿಇ ಓದಿದವರು ಎಚ್ಚರ ಇದ್ವಿ. ಒಂದೊಂದು ಲಕ್ಷಣವೂ ನಮ್ಮ ಕಣ್ಣ ಮುಂದೆ ಸಾಲಾಗಿ ಬಂದು ನಿಂತಿತ್ತು: ಒಂದು ನಿಮಿಷ ನೆನಪಿಲ್ಲದಿರೋದು, ಹೆಚ್ಚಾಗ್ತಾ ಹೋಗೋ ತಲೆನೋವು, ಎರಡು ಸಲ ವಾಂತಿ, ಅಸಹಜ ಗೊರಕೆ. ಆಫೀಸಲ್ಲಿ ಸರ್ವರ್ ಮೆಮೊರಿ ಸ್ವಲ್ಪ ಏರಿದರೆ ರಾತ್ರಿ ಎರಡು ಗಂಟೆಗೆ ಎದ್ದು ಲಾಗ್ ನೋಡೋ ಜನ ನಾವು. ಪಕ್ಕದ ಹಾಸಿಗೇಲಿ ಮಲಗಿದ್ದವನನ್ನ ಒಂದು ಸಲ ಎಬ್ಬಿಸಿ ನೋಡಲಿಲ್ಲ.

ತಪ್ಪು ಎಲ್ಲಿದೆ ಅಂತ ಎಷ್ಟೋ ವರ್ಷ ಯೋಚನೆ ಮಾಡಿದ್ದೀನಿ. ನಾವು ರಕ್ತ ನೋಡ್ತೀವಿ. ರಕ್ತ ಸೋರಿದರೆ ಗಾಬರಿ, ಸೋರದಿದ್ದರೆ ನಿರಾಳ. ಎರಡನೇದಾಗಿ, ಪೆಟ್ಟು ತಿಂದವನನ್ನೇ ಕೇಳ್ತೀವಿ: ‘ಆರಾಮಿದ್ಯಾ?’ ಕಾಲು ಮುರಿದವನನ್ನ ಹಾಗೆ ಕೇಳಬಹುದು. ನೋವಾಗ್ತಿರೋದು ಕಾಲು, ಉತ್ತರ ಕೊಡೋದು ಮಿದುಳು. ತಲೆಗೆ ಪೆಟ್ಟು ಬಿದ್ದವನಲ್ಲಿ ಕೆಟ್ಟಿರೋದೂ ಉತ್ತರ ಕೊಡೋದೂ ಒಂದೇ. ಕ್ರ್ಯಾಶ್ ಆಗ್ತಿರೋ ಸಿಸ್ಟಮ್ಮೇ ತನ್ನ ಸ್ಟೇಟಸ್ ‘ಓಕೆ’ ಅಂತ ತೋರಿಸಿದರೆ ನೀವು ನಂಬ್ತೀರಾ? ಹಾಗಾಗಿ ತಲೆಪೆಟ್ಟಿನ ವಿಷಯದಲ್ಲಿ ಜವಾಬ್ದಾರಿ ಬಿದ್ದವನದ್ದಲ್ಲ, ಪಕ್ಕದಲ್ಲಿ ಇರೋನದ್ದು. ಈ ಮಾತು ಹೇಳಿದರೆ ‘ಓವರ್ ಆಕ್ಟಿಂಗ್’ ಅಂತ ನಗ್ತಾರೆ, ನಗಲಿ.

ನಟಿ ನತಾಶಾ ರಿಚರ್ಡ್‌ಸನ್ ಕಥೆ ಗೂಗಲ್ ಮಾಡಿ ನೋಡಿ. 2009ರ ಮಾರ್ಚ್‌ನಲ್ಲಿ ಕೆನಡಾದ ಕ್ವಿಬೆಕ್‌ನಲ್ಲಿ ಸ್ಕೀಯಿಂಗ್ ಕಲೀತಾ ಇದ್ದಾಗ, ಆರಂಭಿಕರ ಇಳಿಜಾರಿನಲ್ಲಿ ಬಿದ್ದರು. ಎದ್ದು ನಕ್ಕರು, ಏನೂ ಆಗಿಲ್ಲ ಅಂದರು. ಬಂದ ಆಂಬುಲೆನ್ಸನ್ನ ವಾಪಸ್ ಕಳಿಸಿದರು. ಒಂದು ಗಂಟೆಯ ಮೇಲೆ ತಲೆನೋವು ಶುರುವಾಯ್ತು. ಎರಡು ದಿನದಲ್ಲಿ ತೀರಿಕೊಂಡರು. 45 ವರ್ಷ. ಇದಕ್ಕೆ ವೈದ್ಯರು ಎಪಿಡ್ಯೂರಲ್ ಹೆಮಟೋಮ ಅಂತಾರೆ. ಹಣೆಯ ಪಕ್ಕ, ಕಿವಿಗಿಂತ ಸ್ವಲ್ಪ ಮೇಲೆ ತಲೆಬುರುಡೆ ತೆಳುವಾಗಿರುತ್ತೆ, ಅದರ ಒಳಮೈಗೆ ಅಂಟಿಕೊಂಡು ಒಂದು ರಕ್ತನಾಳ ಹೋಗಿರುತ್ತೆ. ಅಲ್ಲಿ ಮೂಳೆ ಬಿರುಕು ಬಿಟ್ಟರೆ ನಾಳ ಹರಿದು, ಮೂಳೆಗೂ ಮಿದುಳಿನ ಹೊದಿಕೆಗೂ ಮಧ್ಯೆ ರಕ್ತ ತುಂಬೋಕೆ ಶುರುವಾಗುತ್ತೆ. ತುಂಬೋಕೆ ಸಮಯ ಬೇಕಲ್ಲ, ಆ ಸಮಯದಲ್ಲಿ ಮನುಷ್ಯ ಮಾತಾಡ್ತಾನೆ, ಊಟ ಮಾಡ್ತಾನೆ, ಜೋಕ್ ಹೇಳ್ತಾನೆ. ತಲೆಬುರುಡೆ ಹಿಗ್ಗೋದಿಲ್ಲ, ಒಳಗೆ ಜಾಗ ಮುಗಿದ ಮೇಲೆ ಮಿದುಳನ್ನೇ ಒತ್ತುತ್ತೆ. ಎಲ್ಲರಿಗೂ ಹೀಗೆ ಆಗೋದಿಲ್ಲ, ಆದರೆ ಆದವನಿಗೆ ಆ ಆರಾಮಾಗಿರೋ ಗಂಟೆಗಳೇ ಆಪರೇಷನ್ನಿಗೆ ಇರೋ ಗಂಟೆಗಳು. ನಾವು ಅದರಲ್ಲಿ ಮೊಸರನ್ನ ತಿನ್ನಿಸಿ ಮಲಗಿಸಿದ್ವಿ.

ನೋಡಬೇಕಾದ್ದು ಏನು? ಬಿದ್ದವನಿಗೆ ಸ್ವಲ್ಪ ಹೊತ್ತಾದರೂ ಪ್ರಜ್ಞೆ ತಪ್ಪಿತ್ತಾ, ಬಿದ್ದದ್ದಕ್ಕೆ ಮುಂಚಿನದ್ದು ಆಮೇಲಿನದ್ದು ನೆನಪಿದೆಯಾ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳ್ತಾನಾ (‘ನಾನು ಹೇಗೆ ಬಂದೆ?’ ಅಂತ ಐದು ನಿಮಿಷಕ್ಕೊಂದು ಸಲ ಕೇಳಿದರೆ ತಮಾಷೆ ಅಂದ್ಕೋಬೇಡಿ). ತಲೆನೋವು ಕಮ್ಮಿ ಆಗೋ ಬದಲು ಏರ್ತಾ ಇದೆಯಾ. ಮತ್ತೆ ಮತ್ತೆ ವಾಂತಿ. ಮಾತು ತೊದಲೋದು, ನಡಿಗೆ ವಾಲೋದು, ಒಂದು ಕೈ ಅಥವಾ ಕಾಲು ಸೋತಂತಾಗೋದು, ಎರಡೆರಡು ಕಾಣೋದು. ಫಿಟ್ಸ್. ಎರಡೂ ಕಣ್ಣಿನ ಪಾಪೆ ಒಂದೇ ಅಳತೆಯಲ್ಲಿ ಇಲ್ಲದಿರೋದು. ಮೂಗಿಂದ ಅಥವಾ ಕಿವಿಯಿಂದ ನೀರಿನಂಥ ದ್ರವ ಸೋರೋದು, ಅದು ನೆಗಡಿಯಲ್ಲ, ಮಿದುಳಿನ ಸುತ್ತಲಿನ ನೀರಿರಬಹುದು. ಬಿದ್ದ ಮೇಲೆ ಕಿವಿಯ ಹಿಂದೆ ಅಥವಾ ಎರಡೂ ಕಣ್ಣಿನ ಸುತ್ತ ಕಪ್ಪಗಾಗೋದು. ಇದರಲ್ಲಿ ಒಂದು ಕಂಡರೂ ಸಿಟಿ ಸ್ಕ್ಯಾನ್ ಇರೋ ಆಸ್ಪತ್ರೆ, ಅವತ್ತೇ, ಆಗಲೇ. 108ಕ್ಕೆ ಫೋನ್ ಮಾಡಿ. ‘ಬೆಳಗ್ಗೆ ನೋಡೋಣ’ ಅನ್ನೋ ಮಾತು ಬಾಯಿಗೆ ಬಂದರೆ ನುಂಗಿಕೊಳ್ಳಿ.

ಏನೂ ಕಾಣದಿದ್ದರೂ ಮೊದಲ 24 ಗಂಟೆ ಅವನನ್ನ ಒಬ್ಬನೇ ಬಿಡಬೇಡಿ. ನಮ್ಮಜ್ಜಿ ಹೇಳ್ತಿದ್ದಳು, ತಲೆಗೆ ಪೆಟ್ಟು ಬಿದ್ದೋರನ್ನ ಮಲಗಿಸಬಾರದು ಅಂತ. ಅಜ್ಜಿ ಹೇಳಿದ್ದು ಅರ್ಧ ಸರಿ. ನಿದ್ದೆ ತೊಂದರೆ ಮಾಡೋದಿಲ್ಲ, ನಿದ್ದೆಯೋ ಪ್ರಜ್ಞೆ ತಪ್ಪಿದೆಯೋ ಅನ್ನೋದು ನೋಡೋರಿಗೆ ಗೊತ್ತಾಗದಿರೋದು ತೊಂದರೆ. ಎಬ್ಬಿಸಿದರೆ ಎದ್ದು ‘ಯಾಕೋ ಲೇ, ಮಲಗೋಕೆ ಬಿಡು’ ಅಂತ ಬೈದರೆ ಸಮಾಧಾನ. ಬೈಯದಿದ್ದರೆ ಭಯ. 1974ರಲ್ಲಿ ಗ್ಲಾಸ್ಗೋದ ಇಬ್ಬರು ವೈದ್ಯರು, ಟೀಸ್‌ಡೇಲ್ ಮತ್ತು ಜೆನೆಟ್, ಮಾಡಿದ ಅಳತೆಗೋಲನ್ನೇ ಇವತ್ತಿಗೂ ಜಗತ್ತಿನ ಎಮರ್ಜೆನ್ಸಿ ವಾರ್ಡುಗಳು ಬಳಸ್ತವೆ. ಅದು ನೋಡೋದು ಮೂರನ್ನೇ: ಕಣ್ಣು ಬಿಡ್ತಾನಾ, ಮಾತು ಸರಿ ಇದೆಯಾ, ಹೇಳಿದ ಹಾಗೆ ಕೈಕಾಲು ಆಡಿಸ್ತಾನಾ. ಪೂರ್ತಿ ಅಂಕ 15, ಅತಿ ಕಮ್ಮಿ 3. ಯಾವ ಮಶೀನೂ ಬೇಡ. ನೋಡೋ ಕಣ್ಣು ಬೇಕು, ಪಕ್ಕದಲ್ಲಿ ಕೂರೋ ವ್ಯವಧಾನ ಬೇಕು.

ನಮ್ಮ ಬೀದಿಗಳಲ್ಲಿ ಇದಕ್ಕೆ ಬದಲಾಗಿ ಬೇರೆ ಪರೀಕ್ಷೆ ಇದೆ. ‘ಕುಡಿದವ್ನೆ ಬಿಡಿ.’ ರಾತ್ರಿ ಹೊತ್ತು ರಸ್ತೆ ಬದಿ ಒಬ್ಬ ತೊದಲ್ತಾ, ವಾಲ್ತಾ, ಬೈತಾ ಕೂತಿದ್ದರೆ ನಾವೆಲ್ಲ ಡಾಕ್ಟರುಗಳು, ಎರಡು ಸೆಕೆಂಡಲ್ಲಿ ಡಯಾಗ್ನೋಸಿಸ್ ಮುಗೀತು. ತೊದಲು, ವಾಲು, ಮಂಕು, ಸಿಟ್ಟು, ವಾಂತಿ. ಕುಡಿತದ ಲಕ್ಷಣಗಳೂ ಇವೇ, ಮಿದುಳಿನ ಪೆಟ್ಟಿನ ಲಕ್ಷಣಗಳೂ ಇವೇ. ಅಷ್ಟೇ ಅಲ್ಲ, ನಿಜವಾಗಲೂ ಕುಡಿದಿದ್ದರೆ ಅವನಿಗೆ ಇನ್ನೂ ಹೆಚ್ಚು ಅಪಾಯ, ಯಾಕಂದ್ರೆ ಕುಡಿದವನೇ ಹೆಚ್ಚು ಬೀಳೋದು, ಬಿದ್ದ ಮೇಲಿನ ಲಕ್ಷಣ ವಾಸನೆಯ ಹಿಂದೆ ಮುಚ್ಚಿಹೋಗೋದು. ‘ಕುಡಿದಿದ್ದಾನೆ’ ಅನ್ನೋದು ನೋಡದೇ ಇರೋಕೆ ಕಾರಣ ಅಲ್ಲ, ಎರಡು ಸಲ ನೋಡೋಕೆ ಕಾರಣ. ವೀಕೆಂಡ್ ಪಾರ್ಟಿ ಮುಗಿಸಿ ಮೆಟ್ಟಿಲ ಮೇಲೆ ಜಾರಿದ ಗೆಳೆಯನನ್ನ ಸೋಫಾ ಮೇಲೆ ಒಗೆದು ‘ಇಳಿದ ಮೇಲೆ ಸರಿ ಹೋಗ್ತಾನೆ’ ಅನ್ನೋ ನಮಗೂ ಈ ಮಾತು ಸೇರುತ್ತೆ, ಫುಟ್‌ಪಾತ್ ಮೇಲಿನವನಿಗೆ ಮಾತ್ರ ಅಲ್ಲ.

ಊರಲ್ಲಿ ಇದಕ್ಕೆ ಇನ್ನೊಂದು ಹೆಸರಿದೆ: ಅರಳುಮರಳು. ನಮ್ಮೂರು ಚನ್ನರಾಯಪಟ್ಟಣದ ಕಡೆ. ದೊಡ್ಡಪ್ಪ ಟಿವಿಎಸ್ ಮೊಪೆಡ್ ಮೇಲೆ ಹುಲ್ಲಿನ ಹೊರೆ ಹಾಕ್ಕೊಂಡು ಬರುವಾಗ ಕಾಲುವೆ ಏರಿ ಮೇಲೆ ಬಿದ್ದಿದ್ದರು. ‘ಏನೂ ಆಗಿಲ್ಲ ಕಣ್ಲಾ, ಟವಲ್ ಕೊಡವ್ಕೊಂಡು ಎದ್ದ್ ಬಂದೆ’ ಅಂತ ಫೋನಲ್ಲಿ ನಕ್ಕರು. ಮೂರು ವಾರ ಕಳೀತು. ಹಗಲೆಲ್ಲ ತೂಕಡಿಕೆ. ಹಸುಗಳ ಹೆಸರು ಮರೆಯೋದು. ಎಡಗಾಲಿನ ಚಪ್ಪಲಿ ನಡೀತಾ ನಡೀತಾನೇ ಕಳಚಿ ಹಿಂದೆ ಬೀಳೋದು, ಅವರಿಗೆ ಗೊತ್ತೇ ಆಗ್ತಿರಲಿಲ್ಲ. ದೊಡ್ಡಮ್ಮ ಹೇಳಿದ್ದು: ‘ವಯಸ್ಸಾಯ್ತಲ್ಲಪ್ಪ, ಅರಳುಮರಳು.’ ಆ ಚಪ್ಪಲಿಯ ವಿಷಯ ಕೇಳಿದ ತಕ್ಷಣ ನಾನು ಬಸ್ ಹತ್ತಿದೆ. ಮಡಿವಾಳದ ರಾತ್ರಿ ಇಲ್ಲದಿದ್ದರೆ ಹತ್ತುತ್ತಿರಲಿಲ್ಲ ಅನ್ನೋದೂ ನಿಜ. ಸ್ಕ್ಯಾನ್‌ನಲ್ಲಿ ಮಿದುಳಿನ ಬಲಗಡೆ ಹಳೇ ರಕ್ತದ ದೊಡ್ಡ ಪದರ. ವಯಸ್ಸಾದ ಹಾಗೆ ಮಿದುಳು ಸ್ವಲ್ಪ ಕುಗ್ಗುತ್ತೆ, ಅದರ ಮೇಲ್ಮೈಯಿಂದ ಹೊದಿಕೆಗೆ ಹೋಗೋ ಸಣ್ಣ ನಾಳಗಳು ಎಳೆದ ಹಾಗೆ ಇರ್ತವೆ. ಸಣ್ಣ ಪೆಟ್ಟಿಗೇ ಹರೀತವೆ, ವಾರಗಟ್ಟಲೆ ನಿಧಾನವಾಗಿ ಒಸರ್ತವೆ. ದೊಡ್ಡಪ್ಪ ಹಾರ್ಟಿಗೆ ಸ್ಟೆಂಟ್ ಹಾಕಿಸಿಕೊಂಡು ರಕ್ತ ತೆಳು ಮಾಡೋ ಮಾತ್ರೆ ಬೇರೆ ತಗೋತಿದ್ದರು. ತಲೆಬುರುಡೆಗೆ ಎರಡು ಸಣ್ಣ ತೂತು ಕೊರೆದು ರಕ್ತ ತೆಗೆದರು. ನಾಲ್ಕನೇ ದಿನ ದೊಡ್ಡಪ್ಪ ಆಸ್ಪತ್ರೆ ಮುದ್ದೆ ಚೆನ್ನಾಗಿಲ್ಲ ಅಂತ ಜಗಳ ತೆಗೆದರು. ಅರಳುಮರಳು ಎಲ್ಲಿ ಹೋಯ್ತೋ!

ನಿಮ್ಮಲ್ಲಿ ಎಷ್ಟೋ ಜನರ ಅಪ್ಪ ಅಮ್ಮ ಊರಲ್ಲಿದ್ದಾರೆ, ಅಂಥದ್ದೇ ಮಾತ್ರೆ ತಗೋತಿದ್ದಾರೆ, ಬಚ್ಚಲಲ್ಲಿ ಜಾರ್ತಾರೆ, ನಿಮಗೆ ಹೇಳೋದಿಲ್ಲ. ಭಾನುವಾರದ ವಿಡಿಯೋ ಕಾಲಲ್ಲಿ ‘ಊಟ ಆಯ್ತಾ’ ಜೊತೆಗೆ ‘ಈ ತಿಂಗಳು ಎಲ್ಲಾದ್ರೂ ಬಿದ್ರಾ’ ಅಂತಲೂ ಕೇಳಿ. ರಕ್ತ ತೆಳು ಮಾಡೋ ಮಾತ್ರೆ ತಗೊಳ್ಳೋರು ತಲೆ ತಗಲಿಸಿಕೊಂಡರೆ, ಲಕ್ಷಣ ಇರಲಿ ಬಿಡಲಿ, ಡಾಕ್ಟರಿಗೆ ತೋರಿಸಲೇಬೇಕು.

ಇನ್ನು ಆಫೀಸು. ಸ್ಕ್ಯಾನ್ ನಾರ್ಮಲ್ ಬಂದ ತಕ್ಷಣ ನಮ್ಮಲ್ಲಿ ಕಥೆ ಮುಗಿದ ಹಾಗೆ. ನನ್ನ ಜೊತೆ ಕೆಲಸ ಮಾಡ್ತಿದ್ದ ಹುಡುಗಿಯೊಬ್ಬಳು ಶಟಲ್ ಆಡುವಾಗ ಹಿಂದಕ್ಕೆ ಬಿದ್ದು ತಲೆಯ ಹಿಂಭಾಗ ನೆಲಕ್ಕೆ ಬಡೀತು. ಸ್ಕ್ಯಾನ್ ನಾರ್ಮಲ್. ಮಾರನೇ ದಿನವೇ ಮ್ಯಾನೇಜರ್ ಮೆಸೇಜು: ಟೇಕ್ ರೆಸ್ಟ್, ಸಂಜೆ ಕಾಲ್‌ಗೆ ಮಾತ್ರ ಜಾಯಿನ್ ಆಗು. ಸ್ಕ್ಯಾನ್ ತೋರಿಸೋದು ರಕ್ತಸ್ರಾವ, ಮೂಳೆ ಮುರಿತ. ಕನ್ಕಷನ್ ಅದರಲ್ಲಿ ಕಾಣೋದಿಲ್ಲ, ಅಲ್ಲಿ ಕೆಟ್ಟಿರೋದು ಮಿದುಳಿನ ಆಕಾರ ಅಲ್ಲ, ಕೆಲಸ. ಅವಳಿಗೆ ಬೆಳಕು ಚುಚ್ಚುತ್ತಿತ್ತು, ಸ್ಕ್ರೀನ್ ನೋಡಿದರೆ ಓಕರಿಕೆ, ತಾನೇ ಬರೆದ ಕೋಡ್ ಓದಿದರೆ ಅರ್ಥ ಆಗ್ತಿರಲಿಲ್ಲ. ಇಂಥವರು ಒಂದೆರಡು ದಿನ ಮಿದುಳಿಗೂ ಮೈಗೂ ವಿಶ್ರಾಂತಿ ಕೊಟ್ಟು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಕೆಲಸಕ್ಕೆ ಮರಳಬೇಕು, ಪೂರ್ತಿ ವಾಸಿಯಾಗೋವರೆಗೆ ಮತ್ತೆ ಪೆಟ್ಟು ಬೀಳಬಹುದಾದ ಆಟಕ್ಕೆ ಇಳೀಬಾರದು. ಹೆಚ್ಚಿನವರು ಕೆಲವೇ ವಾರದಲ್ಲಿ ಸರಿ ಹೋಗ್ತಾರೆ. ಆದರೆ ಅವಳ ಅಪ್ರೈಸಲ್‌ನಲ್ಲಿ ಬಂದ ಮಾತು: ಇತ್ತೀಚೆಗೆ ಫೋಕಸ್ ಕಮ್ಮಿಯಾಗಿದೆ. ಕೈಗೆ ಪ್ಲಾಸ್ಟರ್ ಹಾಕಿಕೊಂಡು ಬಂದಿದ್ದರೆ ಅದೇ ಮ್ಯಾನೇಜರ್ ಬಾಗಿಲು ತೆಗೆದು ಹಿಡೀತಿದ್ದ. ವರ್ಷಕ್ಕೆ ಎರಡು ಸಲ ಫೈರ್ ಡ್ರಿಲ್ ಮಾಡಿ ಮೂವತ್ತು ಮಹಡಿ ಇಳಿಸ್ತಾರಲ್ಲ, ಅದರ ಜೊತೆ ಹತ್ತು ನಿಮಿಷ ಇದನ್ನೂ ಹೇಳಿಕೊಡಿ ಅಂತ ಎಚ್‌ಆರ್‌ಗೆ ಬರೆದಿದ್ದೆ. ‘ಗ್ರೇಟ್ ಸಜೆಷನ್’ ಅಂತ ಉತ್ತರ ಬಂತು. ಅಷ್ಟೇ ಬಂತು.

ಎರಡು ಆಕ್ಷೇಪಣೆ ಯಾವಾಗಲೂ ಬರ್ತವೆ. ಒಂದು, ತಲೆ ತಗಲಿದಾಗಲೆಲ್ಲ ಆಸ್ಪತ್ರೆಗೆ ಓಡಿದರೆ ಅವರು ಸುಮ್ಮಸುಮ್ಮನೆ ಸ್ಕ್ಯಾನ್ ಮಾಡಿ ದುಡ್ಡು ಕೀಳ್ತಾರೆ. ಕೀಳೋರು ಇದ್ದಾರೆ, ಒಪ್ಪಿದೆ. ಕಪಾಟಿನ ಬಾಗಿಲು ತಗಲಿದ್ದಕ್ಕೆಲ್ಲ ಓಡಿ ಅಂತ ನಾನು ಹೇಳ್ತಿಲ್ಲ, ಮನೆಯಲ್ಲೇ ಕೂತು ಕಣ್ಣು ಬಿಟ್ಟು ನೋಡಿ ಅಂತ ಹೇಳ್ತಿದ್ದೀನಿ, ಅದಕ್ಕೆ ಬಿಲ್ ಇಲ್ಲ. ಇನ್ನೊಂದು, ರಸ್ತೆಯಲ್ಲಿ ಬಿದ್ದವನನ್ನ ಮುಟ್ಟಿದರೆ ಪೊಲೀಸ್ ಕೇಸು. ಈ ನೆಪ ಹಳೇದಾಯ್ತು. ನೆರವಿಗೆ ಬಂದವನನ್ನ ಕಾಪಾಡೋಕೆ ಕರ್ನಾಟಕವೇ 2016ರಲ್ಲಿ ಕಾಯ್ದೆ ಮಾಡಿತು, 2019ರ ಮೋಟಾರು ವಾಹನ ತಿದ್ದುಪಡಿಯಲ್ಲಿ ದೇಶಕ್ಕೆಲ್ಲ ಆ ರಕ್ಷಣೆ ಬಂತು. ಹೆಸರು, ವಿಳಾಸ ಕೊಡಲೇಬೇಕು ಅಂತ ಯಾರೂ ಒತ್ತಾಯಿಸೋ ಹಾಗಿಲ್ಲ. ಕುತ್ತಿಗೆ ತಿರುಚದ ಹಾಗೆ ನೋಡ್ಕೊಳ್ಳಿ, ನೀರು ಕುಡಿಸಬೇಡಿ, ಫಿಟ್ಸ್ ಬಂದರೆ ಕೈಗೆ ಬೀಗದ ಕೈ ತುರುಕೋ ನಾಟಕ ಬೇಡ, ಬಾಯಿಗೂ ಏನೂ ಇಡಬೇಡಿ.

ಹೆಲ್ಮೆಟ್ ಬಗ್ಗೆ ಹೊಸದಾಗಿ ಹೇಳೋದೇನಿದೆ? 2021ರ ಜೂನ್‌ನಲ್ಲಿ ಸಂಚಾರಿ ವಿಜಯ್ ಗೆಳೆಯನ ಬೈಕಿನ ಹಿಂದಿನ ಸೀಟಲ್ಲಿ ಕೂತು ಹೋಗ್ತಿದ್ದಾಗ ಬಿದ್ದು, ತಲೆಗೆ ಪೆಟ್ಟಾಗಿ ಹೋದರು. ರಾಷ್ಟ್ರಪ್ರಶಸ್ತಿ ಪಡೆದ ನಟ. ಆ ವಾರ ಎಲ್ಲರ ಸ್ಟೇಟಸ್‌ನಲ್ಲೂ ಅವರ ಫೋಟೋ ಇತ್ತು. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ ಅಂತ ನಮ್ಮ ರಾಜ್ಯದಲ್ಲಿ ನಿಯಮ ಬಂದಿದ್ದು 2016ರಲ್ಲಿ. ಇವತ್ತಿಗೂ ಸಿಗ್ನಲ್ಲಲ್ಲಿ ನೋಡಿ, ಪೊಲೀಸರಿಗೆ ತೋರಿಸೋಕೆ ಅಂತ ಕೊಂಡ ಅರ್ಧ ಟೋಪಿ, ಬಕಲ್ ಇಲ್ಲ, ಇನ್ನೊಂದು ಮೊಣಕೈಗೆ ನೇತುಹಾಕಿರ್ತಾರೆ. ಮೊಣಕೈಯಲ್ಲಿ ಮಿದುಳಿದೆಯೇನೋ.

ಹೋದ ತಿಂಗಳು ನಮ್ಮ ಅಪಾರ್ಟ್‌ಮೆಂಟ್‌ನಲ್ಲಿ ಎದುರು ಮನೆಯ ಏಳು ವರ್ಷದ ಹುಡುಗ ಜಾರುಬಂಡೆಯ ಮೇಲಿಂದ ತಲೆ ಕೆಳಗಾಗಿ ಬಿದ್ದ. ಅಳು, ಐಸ್, ಚಾಕೊಲೇಟು. ಅವರಪ್ಪ ‘ಏನೂ ಆಗಿಲ್ಲ ಚಾಂಪ್, ಬಾಯ್ಸ್ ಅಳಲ್ಲ’ ಅಂತ ಎತ್ಕೊಂಡು ಹೋದರು. ನಾನು ಏಳು ಗಂಟೆಗೆ ಬೆಲ್ ಮಾಡಿ, ವಾಂತಿ ಆಯ್ತಾ, ತುಂಬಾ ಮಂಕಾಗಿದ್ದಾನಾ ಅಂತ ಕೇಳಿದೆ. ಇಲ್ಲ ಅಂದರು, ಮುಖದಲ್ಲಿ ಸ್ವಲ್ಪ ಇರುಸುಮುರುಸು. ಒಂಬತ್ತಕ್ಕೆ ಮತ್ತೆ ಬೆಲ್ ಮಾಡಿದೆ. ಅವರಮ್ಮ ಬಾಗಿಲು ತೆಗೆದರು. ‘ಈಗಷ್ಟೇ ಎಬ್ಬಿಸಿ ನೋಡ್ದೆ, ನನ್ನೇ ಒದ್ದ’ ಅಂದರು. ‘ಹನ್ನೊಂದಕ್ಕೆ ಅಲಾರಂ ಇಟ್ಟಿದ್ದೀನಿ, ಮತ್ತೆ ನೋಡ್ತೀನಿ. ನೀವ್ ಹೋಗಿ ಮಲ್ಕೊಳ್ಳಿ.’